ಹಗೇವು: ನಮ್ಮ ಹಿರಿಯರ ಬರಗಾಲದ ಸಿದ್ಧತೆ

ನಮ್ಮ ತರಗತಿಯ ಹುಡುಗನೊಬ್ಬ ಒಂದು ದಿನ ಮರಾಠಿ ಪತ್ರಿಕೆ ಹಿಡಿದುಕೊಂಡು ಬಂದು, "ಸರ್, ಪೇವ ಫುಟಲೆ ಅಂದ್ರ ಏನ್ರಿ?" ಎಂದು ಕೇಳಿದ. ಏನಾದರೂ ಒಂದು ಎಲ್ಲಿ ನೋಡಿದಲ್ಲಿ ಹೆಚ್ಚಾದಾಗ ಮರಾಠಿಯಲ್ಲಿ ಹಾಗೆ ಹೇಳುತ್ತಾರೆ ಎಂದು ತಿಳಿಸಿದೆವು. "ಮತ್ತ ಪೇವ ಅಂದ್ರ?" ಎಂದ. "ನಮ್ಮ ಹಗೇವು" ಎಂದೆವು. "ಹಗೇವು ಅಂದ್ರ?" ಎಂದು ಅವನು ಮತ್ತೆ ಕೇಳಿದಾಗ ಇಡೀ ತರಗತಿ ನಮ್ಮ ಮುಖ ನೋಡುತ್ತಿತ್ತು. ಎರಡೂ ಭಾಷೆಗಳಲ್ಲಿ ಮಾತು ಉಳಿದಿದೆ, ವಸ್ತು ಮಾತ್ರ ಮರೆಯಾಗಿದೆ. ಆ ಮಕ್ಕಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಹಗೇವು ಎಂದರೆ ನೆಲದೊಳಗೆ ತೋಡಿದ ಧಾನ್ಯದ ಕಣಜ. ನೀರು ಜಿನುಗದ ಗಟ್ಟಿ ನೆಲ ನೋಡಿ, ಮನೆಯ ಮುಂದೆಯೋ ವಾಡೆಯ ಅಂಗಳದಲ್ಲಿಯೋ ತೋಡುತ್ತಿದ್ದರು. ಬಾಯಿ ಚಿಕ್ಕದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೋದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲವಾಗುತ್ತದೆ. ತಳಕ್ಕೂ ಸುತ್ತಲಿನ ಗೋಡೆಗೂ ಒಣಗಿದ ಜೋಳದ ಕಣಿಕೆ ಹಾಸಿ, ಸುಗ್ಗಿಯ ರಾಶಿಯಾದ ಮೇಲೆ ಚೆನ್ನಾಗಿ ಒಣಗಿದ ಜೋಳ ತುಂಬುತ್ತಿದ್ದರು. ಮೇಲೆ ಮತ್ತೆ ಕಣಿಕೆ, ಅದರ ಮೇಲೆ ಕಲ್ಲು ಚಪ್ಪಡಿ, ಅದರ ಮೇಲೆ ಮಣ್ಣು ಮೆತ್ತಿ ಬಿಟ್ಟರೆ ಅಲ್ಲೊಂದು ಹಗೇವು ಇದೆಯೆಂದು ಹೊಸಬರಿಗೆ ಗೊತ್ತೇ ಆಗುತ್ತಿರಲಿಲ್ಲ. ಕಳ್ಳರ ಭಯವಿಲ್ಲ, ಬೆಂಕಿಯ ಭಯವಿಲ್ಲ, ಇಲಿಯ ಕಾಟವೂ ಕಡಿಮೆ.

ಇದರ ಹಿಂದೆ ಒಂದು ವಿಜ್ಞಾನವಿದೆ. ಜೋಳದ ಕಾಳು ಜೀವಂತ ವಸ್ತು, ಅದೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನೊಳಗೆ ಕಾಳು ಮತ್ತು ಹುಳುಗಳು ಸೇರಿ ಆಮ್ಲಜನಕವನ್ನು ಕಡಿಮೆ ಮಾಡುತ್ತವೆ, ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಆಗ ಹುಳು ಸಾಯುತ್ತದೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಬಾಯಿ ತೆರೆದ ಕೂಡಲೇ ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಆದ್ದರಿಂದ ಹಗೇವು ತೆರೆದು ಬಹಳ ಹೊತ್ತು ಗಾಳಿಗೆ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಇಳಿಸಿ, ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ.

ಇನ್ನೊಂದು ಮಾತು. ಹಗೇವಿನ ಜೋಳಕ್ಕೆ ಒಂದು ಬಗೆಯ ವಾಸನೆ ಬರುತ್ತಿತ್ತು, ಬಣ್ಣವೂ ಸ್ವಲ್ಪ ಮಾಸುತ್ತಿತ್ತು. ರೊಟ್ಟಿಗೆ ಆಗುತ್ತಿತ್ತು, ಬಿತ್ತನೆಗೆ ಆಗುತ್ತಿರಲಿಲ್ಲ, ಏಕೆಂದರೆ ಮೊಳೆಯುವ ಶಕ್ತಿ ಹೋಗಿರುತ್ತಿತ್ತು. ಅದಕ್ಕೇ ಮನೆಯ ಹೆಣ್ಣುಮಕ್ಕಳು ಬೀಜದ ಕಾಳನ್ನು ಬೇರೆಯಾಗಿ, ಬೂದಿ ಬೆರೆಸಿ, ಬೇವಿನ ಎಲೆ ಹಾಕಿ ಗಡಿಗೆಯಲ್ಲಿ ಬಾಯಿ ಕಟ್ಟಿ ಇಡುತ್ತಿದ್ದರು. ಈ ವರ್ಷದ ಹಸಿವಿಗೆ ಹಗೇವು, ಮುಂದಿನ ವರ್ಷದ ಬದುಕಿಗೆ ಗಡಿಗೆ. ಓದು ಬರಹ ಬಾರದ ಮನೆಯಲ್ಲೂ ಈ ಲೆಕ್ಕ ತಪ್ಪುತ್ತಿರಲಿಲ್ಲ.

ಸೋಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯವರಿಗೆ ಇಂಥ ಎಚ್ಚರ ಯಾಕೆ ಬೇಕಾಯಿತು? ನಮ್ಮದು ಮಳೆ ನಂಬಲಾಗದ ನೆಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸುವ ಕಾಯಕ ಹಿಡಿದದ್ದು ಸುಮ್ಮನೆ ಅಲ್ಲ. ಆ ಸೊನ್ನಲಿಗೆಯೇ ಇಂದಿನ ಸೋಲಾಪುರ, ಕೆರೆ ಇಂದಿಗೂ ಊರ ನಡುವೆ ಇದೆ. ಜೋಳಕ್ಕೆ ಹೆಸರಾದ ಮಂಗಳವೇಢೆಯಲ್ಲಿ ದಾಮಾಜಿಪಂತರ ಕಥೆ ಎಲ್ಲರಿಗೂ ಗೊತ್ತು. ಬಹಮನಿ ಸುಲ್ತಾನರ ಅಧಿಕಾರಿಯಾಗಿದ್ದ ಅವರು ಬರಗಾಲದಲ್ಲಿ ಸರಕಾರಿ ಕಣಜಗಳನ್ನು ಹಸಿದವರಿಗೆ ತೆರೆದುಕೊಟ್ಟರು, ಆ ಸಾಲವನ್ನು ವಿಠ್ಠಲನೇ ಬಂದು ತೀರಿಸಿದ ಎಂದು ಭಕ್ತರ ನಂಬಿಕೆ. ಈ ಕಥೆ ಒಂದು ಸತ್ಯ ಹೇಳುತ್ತದೆ: ಕಣಜ ತುಂಬಿರುವುದು ಬೇರೆ, ಅದರ ಬಾಯಿ ತೆರೆಯುವುದು ಬೇರೆ.

ಇದು ಸ್ಪಷ್ಟವಾಗಿ ಕಂಡದ್ದು 1876–78ರ ಮಹಾ ಬರದಲ್ಲಿ. 1876ರ ಮಳೆ ಕೈಕೊಟ್ಟಿತು. ಸೋಲಾಪುರ, ವಿಜಯಪುರ ಸೀಮೆಗಳು ತತ್ತರಿಸಿದವು. ಸೋಲಾಪುರಕ್ಕೆ 1860ರಲ್ಲೇ ರೈಲು ಬಂದಿತ್ತು. ರೈಲು ಹೊರಗಿನ ಧಾನ್ಯವನ್ನು ತರಬಲ್ಲದು, ಹಾಗೆಯೇ ಒಳಗಿನದನ್ನು ಹೆಚ್ಚು ಬೆಲೆ ಇರುವ ಕಡೆಗೆ ಒಯ್ಯಬಲ್ಲದು. ಧಾನ್ಯ ಕಣ್ಣೆದುರೇ ಇದ್ದರೂ ಕೊಳ್ಳಲು ದುಡ್ಡಿಲ್ಲದವರು ಸತ್ತರು. ಹಗೇವು ಇದ್ದದ್ದು ಹೊಲ ಇದ್ದವರಿಗೆ. ಕೂಲಿಯವರಿಗೆ ಎಲ್ಲಿಯ ಹಗೇವು? ಊರ ಆಯಗಾರರಿಗೆ ಪಾಲು ಬರುತ್ತಿದ್ದುದು ಕಣದಿಂದ. ರಾಶಿಯೇ ಇಲ್ಲದಿದ್ದರೆ ಪಾಲೂ ಇಲ್ಲ. ನೇಕಾರನ ಮಗ್ಗ ಗಟ್ಟಿಯಾಗಿಯೇ ಇತ್ತು, ಆದರೆ ಹಸಿದ ಊರಿನಲ್ಲಿ ಸೀರೆ ಕೊಳ್ಳುವವರು ಯಾರು?

ಸರಕಾರ ಪರಿಹಾರದ ಕಾಮಗಾರಿ ತೆಗೆಯಿತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಸೂಚಿಸಿದ ಕೂಲಿ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಲೆಕ್ಕದ್ದು. ಅಷ್ಟು ತಿಂದು ಕಲ್ಲು ಒಡೆಯುವುದು ಸಾಧ್ಯವಿಲ್ಲವೆಂದು ಮುಂಬಯಿ ಪ್ರಾಂತದ ಕೂಲಿಗಳು ಕೆಲಸ ಬಿಟ್ಟು ಕೂತರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು. ಆಮೇಲೆ ಬಂದ ಬರ ಆಯೋಗ 1880ರಲ್ಲಿ ವರದಿ ಕೊಟ್ಟಿತು, ಅದರ ಮೇಲೆ ಬರ ಸಂಹಿತೆಗಳು ರಚನೆಯಾದವು. ಬರವೆಂದರೆ ಅನ್ನ ಇಲ್ಲವಾಗುವುದಷ್ಟೇ ಅಲ್ಲ, ಅನ್ನ ಕೊಳ್ಳುವ ಕೆಲಸ ಇಲ್ಲವಾಗುವುದು ಎಂಬ ತಿಳಿವಳಿಕೆ ಆಗ ಕಾಗದದ ಮೇಲೆ ಬಂತು.

ನಮ್ಮ ಊರಿನ ಹಿರಿಯರಿಗೆ ನೆನಪಿರುವುದು 1972ರ ಬರ. ಸುಕಡಿ ತಿಂದದ್ದು, ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಿಂದದ್ದು, ಖಡಿ ಒಡೆದದ್ದು ಎಲ್ಲವನ್ನೂ ಮುತ್ಯಾಗಳು ಈಗಲೂ ಹೇಳುತ್ತಾರೆ. 1973ರ ಮೇ ತಿಂಗಳಿನಲ್ಲಿ ಮಹಾರಾಷ್ಟ್ರದಲ್ಲಿ ಸುಮಾರು 50 ಲಕ್ಷ ಜನ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದರು. ಕಷ್ಟ ಬಹಳ ಇತ್ತು, ಆದರೆ 1876ರ ಹಾಗೆ ಊರಿಗೆ ಊರೇ ಸಾಯಲಿಲ್ಲ. ವಿ. ಸ. ಪಾಗೆಯವರು ಮುಂದಿಟ್ಟ ಉದ್ಯೋಗ ಖಾತ್ರಿಯ ವಿಚಾರ 1977ರಲ್ಲಿ ಮಹಾರಾಷ್ಟ್ರದ ಕಾಯ್ದೆಯಾಯಿತು. 2005ರಲ್ಲಿ ದೇಶಕ್ಕೆಲ್ಲ ಅಂಥ ಕಾಯ್ದೆ ಬರಲು ಅದು ದಾರಿ ತೋರಿಸಿತು. ಹಗೇವು ಇಲ್ಲದವರಿಗೆ ಕೂಲಿಯೇ ಹಗೇವು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ.

ಹಿರಿಯರು ಮಾಡಿದ್ದೆಲ್ಲ ಸರಿ ಎಂದೂ ಹೇಳಲಾಗದು. ಬರಕ್ಕೆ ತಿಂಗಳುಗಳ ಮುನ್ಸೂಚನೆ ಇರುತ್ತದೆ, ಭೂಕಂಪಕ್ಕೆ ಕ್ಷಣದ್ದೂ ಇಲ್ಲ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಬಿಸಿಲಿಗೆ ತಂಪು. ಮಳೆಗಾಲಕ್ಕೆ ಸೋರಬಾರದೆಂದು ಅದರ ಮೇಲೆ ಮತ್ತೆ ಮತ್ತೆ ಮಣ್ಣು ಹಾಕುತ್ತಿದ್ದರು, ಮಾಳಿಗೆ ಭಾರವಾಗುತ್ತ ಹೋಗುತ್ತಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಜನ ದಣಿದು ಮಲಗಿದ್ದಾಗ, ಕಿಲ್ಲಾರಿಯ ಸುತ್ತ ನೆಲ ನಡುಗಿತು. ಕಲ್ಲು ಮಣ್ಣಿನ ಗೋಡೆ, ಭಾರವಾದ ಮಾಳಿಗೆ ಮಲಗಿದವರ ಮೇಲೆಯೇ ಬಿದ್ದವು. ಹತ್ತಿರ ಹತ್ತಿರ 10,000 ಜನ ತೀರಿಕೊಂಡರು. ಬಿಸಿಲು ಮಳೆಗೆ ಮಾಡಿಕೊಂಡ ಸಿದ್ಧತೆಯೇ ಭೂಕಂಪದಲ್ಲಿ ಮುಳುವಾಯಿತು.

ಹಾಗಾದರೆ ಇಂದು ನಮ್ಮ ಮನೆಗಳಲ್ಲಿ ಏನಿರಬೇಕು? ಯಾರೂ ಹೊಸದಾಗಿ ಹಗೇವು ತೋಡಬೇಕಾಗಿಲ್ಲ. ಒಂದೆರಡು ವಾರಕ್ಕಾಗುವಷ್ಟು ಹಿಟ್ಟು ಬೇಳೆ, ಮುಚ್ಚಿಟ್ಟ ಕುಡಿಯುವ ನೀರು, ಒಂದು ಟಾರ್ಚು, ಬೇಕಾದ ಔಷಧ ಇರಲಿ. ರೇಶನ್ ಕಾರ್ಡು, ಶಾಲೆಯ ದಾಖಲೆ, ಹೊಲದ ಉತಾರ ಒಂದೇ ಚೀಲದಲ್ಲಿ ಕೈಗೆ ಸಿಗುವಂತಿರಲಿ. ಮಲಗುವ ಜಾಗದ ಮೇಲೆ ಭಾರದ ಸಾಮಾನು ಬೇಡ. ಹಳೆಯ ಹಗೇವು, ಪಾಳು ಬಾವಿ, ಮಲದ ಗುಂಡಿಗಳಿಗೆ ಯಾರೂ ಇಳಿಯಬಾರದು. ದೀಪ ಆರದಿದ್ದರೂ ಒಳಗೆ ವಿಷಗಾಳಿ ಇರಬಹುದು. ಬಿದ್ದವರನ್ನು ಎತ್ತಲು ಹೋಗಿ ಇನ್ನಿಬ್ಬರು ಸಾಯುವುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ.

ಮಕ್ಕಳಿಗೆ ಕೊನೆಯಲ್ಲಿ ಒಂದು ಮನೆಗೆಲಸ ಕೊಟ್ಟೆವು: ನಿಮ್ಮ ಓಣಿಯಲ್ಲಿ ಕಷ್ಟ ಬಂದರೆ ಒಂದು ದಿನದ ಹಿಟ್ಟೂ ಇಲ್ಲದ ಮನೆ ಯಾವುದು, ನಡೆಯಲಾರದ ಮುದುಕರು ಯಾರ ಮನೆಯಲ್ಲಿದ್ದಾರೆ, ನೋಡಿ ಬನ್ನಿ. ಬಾಯಾರಿದಾಗ ಬಾವಿ ತೋಡಬಾರದು ಎಂಬ ಗಾದೆ ನಮಗೆಲ್ಲ ಗೊತ್ತು. ಬಾವಿ ತೋಡುವಾಗಲೇ ಅದರ ನೀರು ಯಾರ ಯಾರ ಮನೆಗೆ ಮುಟ್ಟಬೇಕು ಎಂದು ಯೋಚಿಸುವುದನ್ನೂ ನಾವು ಕಲಿಯಬೇಕಾಗಿದೆ.