ವಿದ್ಯಾರ್ಥಿಗಳೂ ಸಂಗೀತ ಶ್ರವಣವೂ

ಪರೀಕ್ಷೆಯ ದಿನಗಳು ಹತ್ತಿರ ಬಂದವೆಂದರೆ ನಮ್ಮ ಮನೆಗಳಲ್ಲಿ ಮೊದಲು ನಿಲ್ಲುವುದು ಹಾಡು. ಹಿಂದೆ ರೇಡಿಯೋದ ಕಿವಿ ಹಿಂಡುತ್ತಿದ್ದ ಹಿರಿಯರು ಈಗ ಮಕ್ಕಳ ಕೈಯಿಂದ ಮೊಬೈಲು ಕಸಿದುಕೊಳ್ಳುತ್ತಾರೆ. ಮತ್ತೆ ಕೆಲವು ತಂದೆತಾಯಂದಿರು ಇದಕ್ಕೆ ತೀರ ವಿರುದ್ಧ. ಸಂಗೀತ ಕೇಳಿದರೆ ಬುದ್ಧಿ ಚುರುಕಾಗುತ್ತದಂತೆ ಎಂದು ಮಗು ಪುಸ್ತಕ ಹಿಡಿದ ಕೂಡಲೇ ಹಾಡು ಹಚ್ಚಿಡುತ್ತಾರೆ. ಈ ನಂಬಿಕೆಗೂ ಒಂದು ಇತಿಹಾಸವುಂಟು. ಅದನ್ನು ತಿಳಿದರೆ ಯಾರ ಮಾತು ಎಷ್ಟು ಸರಿ ಎಂಬುದು ಗೊತ್ತಾದೀತು.

1993ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರಾನ್ಸಿಸ್ ರಾಷರ್ ಮತ್ತು ಸಂಗಡಿಗರು 36 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ, ಮೊಜಾರ್ಟ್ 1781ರಲ್ಲಿ ಎರಡು ಪಿಯಾನೋಗಳಿಗಾಗಿ ರಚಿಸಿದ ಕೃತಿಯೊಂದನ್ನು 10 ನಿಮಿಷ ಕೇಳಿಸಿದರು. ಆಮೇಲೆ, ಮಡಿಸಿ ಕತ್ತರಿಸಿದ ಕಾಗದವನ್ನು ಬಿಚ್ಚಿದರೆ ಹೇಗೆ ಕಾಣುತ್ತದೆ ಎಂಬಂಥ, ಆಕಾರವನ್ನು ಮನಸ್ಸಿನಲ್ಲೇ ಊಹಿಸುವ ಪ್ರಶ್ನೆಗಳನ್ನು ಕೊಟ್ಟರು. ಸುಮ್ಮನೆ ಕುಳಿತಿದ್ದಾಗಿನದಕ್ಕಿಂತ ಸಂಗೀತ ಕೇಳಿದಾಗ ಉತ್ತರಗಳು ಮೇಲಾಗಿದ್ದವು. ಆದರೆ ಆ ಲಾಭ ಉಳಿದದ್ದು 10-15 ನಿಮಿಷ ಮಾತ್ರ. ಅದನ್ನು ಅವರೇ ಬರೆದಿದ್ದರು.

ಸುದ್ದಿ ಮಾತ್ರ ಬಾಯಿಂದ ಬಾಯಿಗೆ ಬೆಳೆಯಿತು. ಕಾಲೇಜು ಹುಡುಗರ ಮೇಲಿನ ಪ್ರಯೋಗ ಹಸುಗೂಸುಗಳವರೆಗೆ ಹೋಯಿತು. 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್ ಅವರು ಹುಟ್ಟಿದ ಪ್ರತಿ ಮಗುವಿಗೂ ಸಂಗೀತದ ಧ್ವನಿಮುದ್ರಿಕೆ ಹಂಚಲು 1,05,000 ಡಾಲರ್ ಬೇಕೆಂದು ಶಾಸನಸಭೆಯನ್ನು ಕೇಳಿದರು!

ಮರುವರ್ಷವೇ ಬೇರೆ ವಿಜ್ಞಾನಿಗಳು ಪ್ರಶ್ನೆ ಎತ್ತಿದರು. 1999ರಲ್ಲಿ ಕೆನಡಾದಲ್ಲಿ ನಡೆದ ಪ್ರಯೋಗವೊಂದರಲ್ಲಿ ಮೊಜಾರ್ಟನ ಬದಲು ಕಥೆಯನ್ನು ಓದಿ ಕೇಳಿಸಿದರು. ಕಥೆಯನ್ನೇ ಮೆಚ್ಚಿದವರು ಕಥೆ ಕೇಳಿದ ಮೇಲೆ ಮೇಲುಗೈ ತೋರಿಸಿದರು. 2001ರ ಇನ್ನೊಂದು ಪ್ರಯೋಗದಲ್ಲಿ ಲವಲವಿಕೆಯ ಸಂಗೀತಕ್ಕೆ ಸಿಕ್ಕ ಲಾಭ ನಿಧಾನಗತಿಯ ಶೋಕದ ಸಂಗೀತಕ್ಕೆ ಸಿಗಲಿಲ್ಲ. ಅಂದರೆ ಬುದ್ಧಿ ಬೆಳೆದದ್ದಲ್ಲ, ಮನಸ್ಸು ಗೆಲುವಾಗಿ ಎಚ್ಚರಗೊಂಡದ್ದು. ಇನ್ನೊಂದು ಮಾತು: ಕಂಠಪಾಠ ಮಾಡುವಾಗ ಕಿವಿಗೆ ಬೀಳುವ ಹಾಡಿನ ಮಾತುಗಳು ನೆನಪಿಗೆ ಅಡ್ಡಬರುತ್ತವೆಂದು 1989ರಷ್ಟು ಹಿಂದೆಯೇ ಪ್ರಯೋಗಗಳು ತೋರಿಸಿದ್ದವು. ಆದ್ದರಿಂದ ಓದಿಗೆ ಕೂರುವ ಮುನ್ನ ಹಾಡು ಹಿತ. ಓದುವಾಗ ಹಾಡು ಹೊರೆ.

ಹಾಗಾದರೆ ಸಂಗೀತದಿಂದ ವಿದ್ಯಾರ್ಥಿಗೆ ಆಗುವ ಲಾಭ ಇಷ್ಟೇ ಏನು? ಅಲ್ಲ. ಆ 10 ನಿಮಿಷದ ಲೆಕ್ಕಕ್ಕೆ ಸಿಗದ ಲಾಭವೊಂದಿದೆ. ಅದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿಯುಂಟು.

ಗದಗಿನ ಶಾಲಾ ಮಾಸ್ತರರಾದ ಗುರುರಾಜ ಜೋಶಿಯವರ ಮಗ ಭೀಮಸೇನ ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ರೆಕಾರ್ಡು ಕೇಳಿದ. ಆ ಕಾಲದ ರೆಕಾರ್ಡು ಒಂದು ಬದಿಗೆ ಹಾಡುತ್ತಿದ್ದುದು ಮೂರು ನಿಮಿಷದ ಆಸುಪಾಸು. ಹಾಗೆ ಹಾಡುವುದನ್ನು ಕಲಿಯಲೇಬೇಕೆಂದು 1933ರಲ್ಲಿ, 11ನೆಯ ವಯಸ್ಸಿನಲ್ಲಿ, ಹುಡುಗ ಮನೆ ಬಿಟ್ಟ. ಗ್ವಾಲಿಯರ್, ಜಲಂಧರ್ ಎಂದು ಅಲೆದು ಕೊನೆಗೆ ಕುಂದಗೋಳದಲ್ಲಿ ಖಾನರ ಶಿಷ್ಯರೇ ಆದ ಸವಾಯಿ ಗಂಧರ್ವರ ಬಳಿ ನಿಂತ. ಅದೇ ಗುರುಗಳ ಬಳಿ ಪಾಠಕ್ಕೆಂದು ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ತಾಯಿ ಅಂಬಾಬಾಯಿಯವರ ಹಾಡು ಕೇಳುತ್ತಲೇ ಬೆಳೆದವರು ಅವರು. ಇವರನ್ನು ಸಂಗೀತ ಶ್ರವಣ ಜಾಣರನ್ನಾಗಿ ಮಾಡಿತೆಂದು ಹೇಳುವುದಕ್ಕಿಂತ, ವಿದ್ಯಾರ್ಥಿಗಳನ್ನಾಗಿ ಮಾಡಿತೆನ್ನುವುದೇ ಸರಿ. ಕೇಳಿದ್ದನ್ನು ಮತ್ತೆ ಕೇಳುವುದು, ತಪ್ಪನ್ನು ಕಿವಿಯೇ ಹಿಡಿಯುವುದು, ಒಂದೇ ಸ್ವರಕ್ಕಾಗಿ ದಿನಗಟ್ಟಲೆ ಕಾಯುವುದು: ಗಣಿತಕ್ಕೂ ವ್ಯಾಕರಣಕ್ಕೂ ಬೇಕಾದ ತಾಳ್ಮೆ ಇದೇ ಅಲ್ಲವೇ?

ನಮ್ಮ ಮಕ್ಕಳು ಗಾಯಕರಾಗಬೇಕೆಂದಾಗಲಿ, ಮನೆ ಬಿಟ್ಟು ಹೊರಡಲೆಂದಾಗಲಿ ಇದರ ಅರ್ಥವಲ್ಲ! ದೆಹಲಿಯ ಐಐಟಿಯ ಅಧ್ಯಾಪಕ ಕಿರಣ್ ಸೇಠ್ ಅವರು 1977ರಲ್ಲಿ ಸ್ಪಿಕ್ ಮೆಕೆ ಸಂಸ್ಥೆ ಆರಂಭಿಸಿ ಕಲಾವಿದರನ್ನು ಶಾಲೆ ಕಾಲೇಜುಗಳಿಗೇ ಕರೆತಂದದ್ದು ಒಳ್ಳೆಯ ಕೇಳುಗರು ಬೆಳೆಯಲೆಂದೇ.

ಊರಿನಿಂದ ದೂರವಿರುವ ನಮ್ಮಂಥವರಿಗೆ ಇದು ಇನ್ನೂ ಮುಖ್ಯ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ, ಮರಾಠಿ ಅಥವಾ ತಮಿಳು ಕೇಳುವ ಮಗುವಿಗೆ ದಾಸರ ಪದವೋ ವಚನವೋ ರಾಗದೊಡನೆ ಕಿವಿಗೆ ಬಿದ್ದರೆ ಕನ್ನಡದ ಉಚ್ಚಾರವೂ ಅದರ ಬೆನ್ನಿಗೇ ಬರುತ್ತದೆ. ದಿನಕ್ಕೆ ಕಾಲು ಗಂಟೆ ಸಾಕು. ಆದರೆ ಆ ಕಾಲು ಗಂಟೆ ಮಗುವಿನ ಕೈಯಲ್ಲಿ ಪುಸ್ತಕವಾಗಲಿ, ನಮ್ಮ ಕೈಯಲ್ಲಿ ಮೊಬೈಲಾಗಲಿ ಬೇಡ. ಜೊತೆಗೆ ಕೂತು ಕೇಳೋಣ. ಅಂಕಗಳ ಲೆಕ್ಕ ಆಮೇಲೆ ನೋಡಿಕೊಂಡರಾಯಿತು.