ಸರಳ ರೇಖೆಯಾಚೆಯ ಲೆಕ್ಕ

ದೊಡ್ಡ ರಚನೆಯನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿ, ಅವುಗಳ ಬಿಗಿತವನ್ನು ಕೂಡಿಸಿ ಇಡೀ ರಚನೆಯ ಬಿಗಿತ ಕಂಡುಹಿಡಿಯುವ ವಿಧಾನವನ್ನು ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ 1956ರಲ್ಲಿ ಪ್ರಕಟಿಸಿದರು. ವಿಮಾನದ ರೆಕ್ಕೆಗಳ ವಿಶ್ಲೇಷಣೆ ಅವರ ಉದ್ದೇಶ. 1960ರಲ್ಲಿ ಕ್ಲಫ್ ಇದಕ್ಕೆ ಫೈನೈಟ್ ಎಲಿಮೆಂಟ್ ಎಂಬ ಹೆಸರು ಕೊಟ್ಟರು. ಭಾರ ಇಮ್ಮಡಿಯಾದರೆ ಬಾಗುವಿಕೆಯೂ ಇಮ್ಮಡಿ ಎಂದು ಹಿಡಿದಿದ್ದರಿಂದ ಸಮೀಕರಣಗಳನ್ನು ಒಂದೇ ಸಲ ಬಿಡಿಸಿದರೆ ಸಾಕಿತ್ತು.

ಬಿರುಕು ಬಿಟ್ಟ ಕಾಂಕ್ರೀಟು, ಮರಳಿ ನೆಟ್ಟಗಾಗದಷ್ಟು ಬಾಗಿದ ಉಕ್ಕು, ಬಿಸಿಗೆ ಸೊಟ್ಟಗಾದ ತಗಡು ಈ ನಿಯಮಕ್ಕೆ ಒಗ್ಗುವುದಿಲ್ಲ. ಅಲ್ಲಿ ಬಾಗಿದಷ್ಟೂ ಬಿಗಿತವೇ ಬದಲಾಗುತ್ತದೆ. ಹುಡುಕುತ್ತಿರುವ ಉತ್ತರ ಗೊತ್ತಾಗದೆ ಬಿಗಿತವೂ ಗೊತ್ತಾಗದು. ಟರ್ನರ್ ಮತ್ತು ಸಂಗಡಿಗರು 1960ರಲ್ಲೇ ಇದಕ್ಕೆ ದಾರಿ ಹುಡುಕಿ, ಭಾರವನ್ನು ಕಂತುಗಳಲ್ಲಿ ಹೇರಿ ಪ್ರತಿ ಕಂತಿಗೂ ಬಿಗಿತವನ್ನು ಹೊಸದಾಗಿ ಲೆಕ್ಕ ಹಾಕಿದರು. ಆದರೆ ಬರಿಯ ಕಂತುಗಳ ಲೆಕ್ಕದಲ್ಲಿ ಸಮತೋಲದ ತಪಾಸಣೆ ಇಲ್ಲದಿದ್ದರೆ ಸಣ್ಣ ತಪ್ಪುಗಳು ಒಂದರ ಮೇಲೊಂದು ಸೇರಿಕೊಳ್ಳುತ್ತವೆ.

ಈ ಕೊರತೆ ನೀಗಿಸಿದ್ದು ಹದಿನೇಳನೆಯ ಶತಮಾನದ ಗಣಿತ. ನ್ಯೂಟನ್ ರೂಪಿಸಿ, ಜೋಸೆಫ್ ರಾಫ್ಸನ್ 1690ರಲ್ಲಿ ಸರಳಗೊಳಿಸಿ ಪ್ರಕಟಿಸಿದ ವಿಧಾನ ಅದು. ಮೊದಲು ಒಂದು ಊಹೆ. ಆ ಊಹೆಗೆ ರಚನೆಯೊಳಗೆ ಹುಟ್ಟುವ ಬಲವನ್ನು ಹೊರಗಿನ ಭಾರದೊಂದಿಗೆ ಹೋಲಿಸಿ, ಉಳಿದ ವ್ಯತ್ಯಾಸವನ್ನು ಆ ಕ್ಷಣದ ಬಿಗಿತದಿಂದ ಭಾಗಿಸಿದರೆ ತಿದ್ದುಪಡಿ ಸಿಗುತ್ತದೆ. ವ್ಯತ್ಯಾಸ ನಗಣ್ಯವಾಗುವವರೆಗೆ ಇದೇ ಸುತ್ತು. ಎಳೆದಷ್ಟು ದೂರಕ್ಕೆ ಅದರ ಘನವನ್ನು ಕೂಡಿದಷ್ಟು ಪ್ರತಿಬಲ ಕೊಡುವ ಸ್ಪ್ರಿಂಗಿಗೆ 10ರ ಭಾರ ಹಾಕಿದರೆ ಸರಿಯುತ್ತರ 2. ಊಹೆ 3ರಿಂದ ಹೊರಟರೂ ಮುಂದಿನ ಸುತ್ತುಗಳಲ್ಲಿ 2.286, 2.032, 2.0005 ಬರುತ್ತವೆ. ಗುರಿಯ ಹತ್ತಿರ ಸರಿಯಾದ ಅಂಕಿಗಳು ಪ್ರತಿ ಸುತ್ತಿಗೂ ಸುಮಾರು ಇಮ್ಮಡಿಯಾಗುವುದೇ ಈ ವಿಧಾನದ ದೊಡ್ಡ ಬಲ.

ಸಾವಿರಾರು ಅಜ್ಞಾತಗಳಿದ್ದಾಗ ಪ್ರತಿ ಸುತ್ತಿಗೂ ಬಿಗಿತದ ಅಂಕಿಗಳ ಕೋಷ್ಟಕವಾದ ಮ್ಯಾಟ್ರಿಕ್ಸ್ ಕಟ್ಟಿ ಬಿಡಿಸುವುದು ಫೈನೈಟ್ ಎಲಿಮೆಂಟಿನ ಆರಂಭದ ದಿನಗಳ ಕಂಪ್ಯೂಟರುಗಳಿಗೆ ದುಬಾರಿಯಾಗಿತ್ತು. ಹಾಗಾಗಿ ಹಳೆಯ ಮ್ಯಾಟ್ರಿಕ್ಸನ್ನೇ ಹಲವು ಸುತ್ತು ಬಳಸುವ ಪದ್ಧತಿ ಬಂತು. ಸುತ್ತುಗಳು ಹೆಚ್ಚಿದರೂ ಒಂದೊಂದೂ ಅಗ್ಗ.

ಇನ್ನೊಂದು ತೊಡಕು ಗರಿಷ್ಠ ಭಾರದ ಬಿಂದುವಿನದು. ಡಬ್ಬಿಯ ಮುಚ್ಚಳದ ಉಬ್ಬನ್ನು ಒತ್ತಿದರೆ ಟಕ್ಕನೆ ಒಳಹೋಗುವಂತೆ, ತೆಳು ಕಮಾನು ಒಂದು ಮಿತಿ ದಾಟಿದೊಡನೆ ಮಗುಚುತ್ತದೆ. ಅಲ್ಲಿ ಬಿಗಿತ ಸೊನ್ನೆಯಾಗಿ ಲೆಕ್ಕ ಮುರಿದುಬೀಳುತ್ತದೆ. ಭಾರವನ್ನೂ ಅಜ್ಞಾತವೆಂದೇ ಎಣಿಸಿ, ವಕ್ರರೇಖೆಯ ಉದ್ದಕ್ಕೆ ಅಳತೆ ಮಾಡಿ ಮುಂದುವರಿಯುವ ಉಪಾಯವನ್ನು ವೆಂಪ್ನರ್ ಮತ್ತು ರಿಕ್ಸ್ 1970ರ ದಶಕದಲ್ಲಿ ತೋರಿಸಿದರು. 1981ರಲ್ಲಿ ಕ್ರಿಸ್‌ಫೀಲ್ಡ್ ಅದನ್ನು ಫೈನೈಟ್ ಎಲಿಮೆಂಟ್ ಲೆಕ್ಕಕ್ಕೆ ಹೊಂದಿಸಿದರು. ಬಿಗಿತವನ್ನು ಒತ್ತಡ ಲೆಕ್ಕ ಹಾಕುವ ಕ್ರಮಕ್ಕೆ ತಕ್ಕಂತೆಯೇ ರೂಪಿಸಬೇಕೆಂದು 1985ರಲ್ಲಿ ಸಿಮೊ ಮತ್ತು ಟೇಲರ್ ತೋರಿಸಿದ ಮೇಲೆ, ಮರಳಿ ನೆಟ್ಟಗಾಗದ ಲೋಹಗಳ ಲೆಕ್ಕದಲ್ಲೂ ನ್ಯೂಟನ್ ವಿಧಾನದ ಪೂರ್ಣ ವೇಗ ಕೈಗೆ ಬಂತು.