ಮೆಟ್ಟಿಲಿನ ಚರಿತ್ರೆ

ಬಸ್ಸಿನ ಹುಚ್ಚಿರುವ ಗೆಳೆಯರ ಜೊತೆ ಕೂತರೆ ಎಂಜಿನ್ನು, ಗೇರು, ರೂಟ್ ನಂಬರುಗಳ ಮಾತು ಮುಗಿಯುವುದೇ ಇಲ್ಲ. ನನ್ನ ಕಣ್ಣು ಮಾತ್ರ ಮೊದಲು ಹೋಗುವುದು ಮೆಟ್ಟಿಲಿಗೆ. ಬೆಂಗಳೂರಿನ ಸಿಟಿ ಬಸ್ಸಿನ ಚರಿತ್ರೆ ಅಲ್ಲೇ ಇದೆ.

ಬಿಟಿಎಸ್ ಕಾಲದ ಬಸ್ಸುಗಳನ್ನು ಕಟ್ಟುತ್ತಿದ್ದುದು ಲಾರಿಯಂಥದೇ ಚಾಸಿಯ ಮೇಲೆ. ಮುಂದೆ ಎಂಜಿನ್ನು, ಉದ್ದಕ್ಕೂ ಉಕ್ಕಿನ ತೊಲೆ, ಅದರ ಮೇಲೆ ನೆಲ. ನೆರಿಗೆ ಒಂದು ಕೈಲಿ, ಕಂಬಿ ಇನ್ನೊಂದು ಕೈಲಿ ಹಿಡಿದು ಅಜ್ಜಿಯರು ಹತ್ತುವಷ್ಟರಲ್ಲಿ ಕಂಡಕ್ಟರು ‘ರೈಟ್’ ಎಂದಿರುತ್ತಿದ್ದ.

2006ರಲ್ಲಿ ಬಿಎಂಟಿಸಿ ವೋಲ್ವೊ ತಂದಿತು. ಎಂಜಿನ್ನು ಹಿಂದಕ್ಕೆ ಹೋಯಿತು, ಮುಂಭಾಗದ ನೆಲ ತಗ್ಗಿತು. 2008ರಲ್ಲಿ ಕೇಂದ್ರ ಸರ್ಕಾರ ನಗರದ ಬಸ್ಸುಗಳಿಗೆ ಮಾನದಂಡ ಗೊತ್ತುಮಾಡಿದಾಗ ತಗ್ಗು ನೆಲದ ಎತ್ತರ 400 ಮಿಲಿಮೀಟರ್, ಸಾಧಾರಣ ಬಸ್ಸಿನದು 900. ಆದರೆ ವೋಲ್ವೊದ ತಗ್ಗು ನೆಲದ ಜೊತೆ ಏಸಿಯೂ ಬಂದಿತ್ತು, ಏಸಿಯ ದರವೂ ಬಂದಿತ್ತು. ಮಂಡಿನೋವಿನವರು ಕೇಳಿದ್ದು ತಂಪುಗಾಳಿಯನ್ನಲ್ಲ!

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗ ಹೆಂಗಸರಿಗೆ ಉಚಿತವಾದದ್ದು ಸಾಮಾನ್ಯ ಬಸ್ಸು. ವಜ್ರ ಹೊರಗೇ ಉಳಿಯಿತು. ಅದೇ ಡಿಸೆಂಬರಿನಲ್ಲಿ ಏಸಿಯಿಲ್ಲದ, ತಗ್ಗು ನೆಲದ, 12 ಮೀಟರ್ ಉದ್ದದ ವಿದ್ಯುತ್ ಬಸ್ಸುಗಳು ರಸ್ತೆಗಿಳಿದವು. ಈಗ ಅಜ್ಜಿ ಆಧಾರ್ ತೋರಿಸಿ ನೇರ ಒಳಗೆ ಹೆಜ್ಜೆಯಿಡಬಹುದು, ಡ್ರೈವರು ಬಸ್ಸನ್ನು ಫುಟ್‌ಪಾತಿಗೆ ಒತ್ತಿ ನಿಲ್ಲಿಸಿದರೆ.